ಒಲೆಗೂ ಆಗಬೇಕು, ತುಟಿಗೂ ಆಗಬೇಕು: ಟೆಂಟ್ ವಾಸಕ್ಕೆ ಯಾವ ಮಗ್ ಕೊಳ್ಳಲಿ?

ಪ್ರಶ್ನೆ: ನಾನು ಶಿವಮೊಗ್ಗದವನು. ನಾವಿಬ್ಬರು ಗೆಳೆಯರು ತಿಂಗಳಿಗೊಮ್ಮೆ ಪರಿಚಯದವರ ತೋಟದಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಉಳಿಯುತ್ತೇವೆ. ಬರುವ ಮೇ ತಿಂಗಳಲ್ಲಿ ಹಿಮಾಲಯದ ಚಾರಣಕ್ಕೂ ಹೋಗುವವರಿದ್ದೇವೆ. ಚಿಕ್ಕ ಗ್ಯಾಸ್ ಸ್ಟವ್ ಇದೆ. ಕುಡಿಯೋಕೂ ಅದೇ, ಕಾಫಿ, ನೂಡಲ್ಸ್, ಒಮ್ಮೊಮ್ಮೆ ಗಂಜಿ ಮಾಡಿಕೊಳ್ಳೋಕೂ ಅದೇ ಆಗುವಂಥ ಒಂದು ಮಗ್ ಬೇಕು. ಅಂಗಡಿಯಲ್ಲಿ ನಾಲ್ಕು ನೋಡಿದೆ. 450 ಮಿಲಿಯ ಟೈಟಾನಿಯಂ ಮಗ್ 3,200 ರೂಪಾಯಿ. 350 ಮಿಲಿಯ ಡಬಲ್ ವಾಲ್ ಸ್ಟೀಲ್ ಮಗ್ 650. ಬಿಳಿ ಎನಾಮೆಲ್ ಮಗ್ 400. ಮುಚ್ಚಳ ಇರುವ 700 ಮಿಲಿಯ ಮಾಮೂಲಿ ಸ್ಟೀಲ್ ಮಗ್ 750. ಮನೆಯಲ್ಲಿ ಅಜ್ಜನ ಕಾಲದ ತಾಮ್ರದ ಚೊಂಬು ಇದೆ, ಅದೇ ಸಾಕಲ್ವಾ ಅಂತ ಅಮ್ಮ ಕೇಳುತ್ತಾರೆ. ಯಾವುದು ತಗೊಳ್ಳಲಿ?

ಉತ್ತರ: ಎಲ್ಲಕ್ಕಿಂತ ಮೊದಲು ಆ ಡಬಲ್ ವಾಲ್ ಮಗ್ ವಿಚಾರ ಹೇಳಿಬಿಡುತ್ತೇನೆ. ಅದನ್ನು ಒಲೆಯ ಮೇಲೆ ಯಾವತ್ತೂ ಇಡಬೇಡಿ. ನಿಮ್ಮ ಕೆಲಸಕ್ಕೆ ಅದು ಬೇಡವೇ ಬೇಡ.

ಡಬಲ್ ವಾಲ್ ಅಂದರೆ ಒಳಗೊಂದು, ಹೊರಗೊಂದು, ಎರಡು ಪದರ ತಗಡು. ನಡುವೆ ಒಂದಿಷ್ಟು ಜಾಗ. ದುಬಾರಿ ಮಗ್‌ಗಳಲ್ಲಿ ಆ ಜಾಗದ ಗಾಳಿ ತೆಗೆದಿರುತ್ತಾರೆ, ಅಗ್ಗದವುಗಳಲ್ಲಿ ಗಾಳಿ ಹಾಗೇ ಇರುತ್ತದೆ. ಎರಡರಲ್ಲೂ ಆ ಜಾಗ ಪೂರ್ತಿ ಮುಚ್ಚಿರುತ್ತದೆ. ಬಿಸಿ ಹೊರಗೆ ಹೋಗದ ಹಾಗೆ ಮಾಡಿದ ವಸ್ತು ಅದು. ಹಾಗಾಗಿ ಕೆಳಗಿನ ಬೆಂಕಿಯ ಬಿಸಿ ಒಳಗೂ ಹೋಗುವುದಿಲ್ಲ. ಹಾಲು ತಣ್ಣಗೇ ಇರುತ್ತದೆ, ಹೊರಗಿನ ತಳ ಮಾತ್ರ ಕಾಯುತ್ತಾ ಹೋಗುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ 300 ಡಿಗ್ರಿಗೆ ಬಂದರೆ ಅದರ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಬೆಸುಗೆ ಎಲ್ಲಿ ದುರ್ಬಲವೋ ಅಲ್ಲಿ ಬಿಡುತ್ತದೆ.

ನಮ್ಮ ತಂಡದ ಹುಡುಗನೊಬ್ಬ ಒಮ್ಮೆ ಹೀಗೆ ಹಾಲು ಕಾಯಿಸಲು ಇಟ್ಟಿದ್ದ. ನಾನು ಟೆಂಟಿನ ಹಗ್ಗ ಬಿಗಿಯುತ್ತಿದ್ದೆ. 'ಟಪ್' ಅಂತ ಸದ್ದು ಕೇಳಿ ತಿರುಗಿದರೆ ಮಗ್ ಸ್ಟವ್ ಮೇಲಿಂದ ಹಾರಿ ಹುಲ್ಲಿನಲ್ಲಿ ಬಿದ್ದಿತ್ತು. ತಳ ಪೂರಿಯ ಹಾಗೆ ಉಬ್ಬಿತ್ತು. ಹಾಲು ಅವನ ಮಂಡಿಯ ಮೇಲೆ. ಹಾಲು ಇನ್ನೂ ಅಷ್ಟು ಕಾದಿರಲಿಲ್ಲ, ಪುಣ್ಯಕ್ಕೆ ಬಚಾವಾದ. ಅವತ್ತಿನಿಂದ ಯಾವ ತಂಡ ಹೊರಟರೂ ಎಲ್ಲರ ಮಗ್ ಕೈಯಲ್ಲಿ ಹಿಡಿದು ನೋಡುತ್ತೇನೆ. ಬಿಸಿನೀರು ಹಾಕಿದಾಗ ಹೊರಮೈ ಬಿಸಿಯಾಗದಿದ್ದರೆ ಅದು ಡಬಲ್ ವಾಲ್. ಕುಡಿಯಲು ಇರಲಿ, ಒಲೆಗೆ ಬೇಡ.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. 700 ಮಿಲಿಯ, ಒಂದೇ ಪದರದ ಸ್ಟೀಲ್ ಮಗ್ ತಗೊಳ್ಳಿ. ಹೀಗೆ ಹೇಳಲು ಮುಖ್ಯ ಕಾರಣ ಅದರ ಅಳತೆ. ಲೋಹದ ಮಾತು ಆಮೇಲೆ.

ಎಲ್ಲರೂ ಮೊದಲು ಲೋಹ ಯಾವುದು ಅಂತ ಕೇಳುತ್ತಾರೆ. ನಾನು ಮೊದಲು ಕೇಳುವುದು ಎಷ್ಟು ಹಿಡಿಯುತ್ತದೆ ಅಂತ. 450 ಮಿಲಿ ಅಂತ ಬರೆದಿದ್ದರೆ ಅದು ಅಂಚಿನವರೆಗೆ ತುಂಬಿದ ಲೆಕ್ಕ. ಹಾಲು, ಕಾಫಿ, ಗಂಜಿ ಎಲ್ಲವೂ ಉಕ್ಕುತ್ತವೆ. ಮೂರನೇ ಒಂದು ಪಾಲು ಜಾಗ ಖಾಲಿ ಬಿಡಲೇಬೇಕು. ಅಲ್ಲಿಗೆ ಉಳಿದದ್ದು 300 ಮಿಲಿ. ಒಂದು ಚಿಕ್ಕ ಪೊಟ್ಟಣ ನೂಡಲ್ಸ್‌ಗೆ ಕಾಲು ಲೀಟರ್ ಹತ್ತಿರ ನೀರು ಬೇಕು, ನೂಡಲ್ಸ್ ತುಂಡು ಬೇರೆ ಇದೆ. ಅದರೊಳಗೆ ಚಮಚ ಆಡಿಸುವುದಾದರೂ ಹೇಗೆ? ಒಬ್ಬರು ಕುಡಿಯಲು ಮಾತ್ರ ಆದರೆ 350 ಸಾಕು. ಒಬ್ಬರ ಅಡುಗೆಗೆ 600 ರಿಂದ 750. ಇಬ್ಬರಿಗೆ ಒಟ್ಟಿಗೆ ನೀರು ಕಾಯಿಸುವುದಾದರೂ 750 ಸಾಲುತ್ತದೆ. 900 ದಾಟಿದರೆ ಅದು ಮಗ್ ಅಲ್ಲ, ತಪ್ಪಲೆ. ಬಾಯಿಗಿಟ್ಟು ಕುಡಿಯುವಾಗ ಅಂಗಿಯ ಮೇಲೆ ಸುರಿಯುತ್ತದೆ.

ಎರಡನೆಯದು ಅಗಲ. ಎತ್ತರವಾಗಿ ಸಣ್ಣಗಿರುವ ಮಗ್ ನೋಡಲು ಚಂದ, ಆದರೆ ಚಿಕ್ಕ ಸ್ಟವ್ ಮೇಲೆ ತೂಗಾಡುತ್ತದೆ. ಕ್ಯಾನಿಸ್ಟರ್, ಅಂದರೆ ಗ್ಯಾಸ್ ತುಂಬಿದ ಪುಟ್ಟ ಡಬ್ಬಿಯ ಮೇಲೆ ತಿರುಗಿಸಿ ಕೂರಿಸುವ ಸ್ಟವ್ ನಿಮ್ಮದಾದರೆ ಒಂದು ಪರೀಕ್ಷೆ ಮಾಡಿ. ಸ್ಟವ್ ಅಂಗಡಿಗೆ ತೆಗೆದುಕೊಂಡು ಹೋಗಿ, ಅದರ ಕಾಲುಗಳನ್ನು ಬಿಚ್ಚಿ, ಮಗ್ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ. ತಳ ಎಂಟು ಸೆಂಟಿಮೀಟರಿಗಿಂತ ಸಣ್ಣದಾದರೆ ಕೆಲವು ಸ್ಟವ್‌ಗಳಲ್ಲಿ ಮಗ್ ಕಾಲುಗಳ ನಡುವಿನ ಸಂದಿಗೇ ವಾಲುತ್ತದೆ. ಬೆಂಕಿ ಕೂಡ ತಳದಲ್ಲಿ ನಿಲ್ಲದೆ ಪಕ್ಕದಿಂದ ಮೇಲೆ ಹತ್ತುತ್ತದೆ. ಗ್ಯಾಸ್ ದಂಡ, ಹಿಡಿಯೂ ಸುಡುತ್ತದೆ. ಹತ್ತು ಸೆಂಟಿಮೀಟರ್ ಹತ್ತಿರದ ಅಗಲ, ಅಷ್ಟೇ ಎತ್ತರ ಇದ್ದರೆ ಚೆನ್ನಾಗಿ ಕೂರುತ್ತದೆ. ಟೆಂಟ್ ಜಾಗದಲ್ಲಿ ನಾನು ನೋಡಿದ ಸುಟ್ಟ ಗಾಯಗಳಲ್ಲಿ ಬೆಂಕಿ ತಗುಲಿ ಆದವು ಕಡಿಮೆ. ಕುದಿಯುವ ನೀರಿನ ಪಾತ್ರೆ ಮಗುಚಿ ಆದವೇ ಜಾಸ್ತಿ. ಅದಕ್ಕೇ ಈ ವಿಷಯಕ್ಕೆ ಇಷ್ಟು ಒತ್ತು ಕೊಡುತ್ತಿದ್ದೇನೆ.

ಇನ್ನು ಟೈಟಾನಿಯಂ. ಒಳ್ಳೆಯ ಲೋಹ, ಅದರಲ್ಲಿ ಎರಡು ಮಾತಿಲ್ಲ. ತುಕ್ಕು ಹಿಡಿಯುವುದಿಲ್ಲ, ಹುಳಿಗೆ ಜಗ್ಗುವುದಿಲ್ಲ, ಬಾಯಿಗೆ ಲೋಹದ ರುಚಿ ಬರುವುದಿಲ್ಲ. ಒಂದು ಘನ ಸೆಂಟಿಮೀಟರ್ ಸ್ಟೀಲ್ ಸುಮಾರು 8 ಗ್ರಾಂ ತೂಗಿದರೆ ಟೈಟಾನಿಯಂ ನಾಲ್ಕೂವರೆ ಗ್ರಾಂ. ಗಟ್ಟಿಯಾದ್ದರಿಂದ ತಗಡನ್ನೂ ತೆಳ್ಳಗೆ ಮಾಡುತ್ತಾರೆ. 700 ಮಿಲಿಯ ಸ್ಟೀಲ್ ಮಗ್ ಮುಚ್ಚಳ ಸೇರಿ 200 ಗ್ರಾಂ ಆಸುಪಾಸು ಬಂದರೆ ಅದೇ ಅಳತೆಯ ಟೈಟಾನಿಯಂ 100 ಗ್ರಾಂ ಆಸುಪಾಸು. ಉಳಿದ ನೂರು ಗ್ರಾಂ ಅಂದರೆ ಅರ್ಧ ಲೋಟ ನೀರು. ಹತ್ತು ಹದಿನೈದು ದಿನ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ನಡೆಯುವವರಿಗೆ ಅದು ದೊಡ್ಡದು. ತೋಟದವರೆಗೆ ಬೈಕಿನಲ್ಲಿ ಹೋಗುವವರಿಗೆ ಅಷ್ಟಕ್ಕೆ ಎರಡೂವರೆ ಸಾವಿರ ಜಾಸ್ತಿ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಹಾಲು. ಸ್ಟೀಲೂ ಟೈಟಾನಿಯಮ್ಮೂ ಬಿಸಿಯನ್ನು ಪಕ್ಕಕ್ಕೆ ಹರಡುವುದರಲ್ಲಿ ನಿಧಾನ. ಅಲ್ಯೂಮಿನಿಯಂ ಇವಕ್ಕಿಂತ ಸುಮಾರು ಹತ್ತು ಪಟ್ಟು ಬೇಗ ಹರಡುತ್ತದೆ. ಅದರ ಮೇಲೆ ಟೈಟಾನಿಯಂ ತಗಡು ತೆಳು ಬೇರೆ. ಬೆಂಕಿ ಎಲ್ಲಿ ತಾಗುತ್ತದೋ ಅಲ್ಲಿ ಮಾತ್ರ ವಿಪರೀತ ಕಾಯುತ್ತದೆ. ನಾನು ಮೊದಲ ಸಲ ಟೈಟಾನಿಯಂ ಮಗ್ ಕೊಂಡಾಗ ಆಸೆಯಿಂದ ಹಾಲು ಹಾಕಿ ಕಾಫಿಗೆ ಇಟ್ಟೆ. ಮೇಲೆ ಇನ್ನೂ ಕೆನೆ ಕಟ್ಟಿರಲಿಲ್ಲ, ಸೀದ ವಾಸನೆ ಬಂತು. ಸುರಿದು ನೋಡಿದರೆ ತಳದಲ್ಲಿ ಕಂದು ಬಣ್ಣದ ಉಂಗುರ. ಬರ್ನರಿನ ಬಾಯಿ ಎಷ್ಟು ಅಗಲವೋ ಸರಿಯಾಗಿ ಅಷ್ಟೇ ಅಗಲ, ಅಚ್ಚು ಒತ್ತಿದ ಹಾಗೆ. ಉಂಗುರದ ಒಳಗೂ ಹೊರಗೂ ತಳ ಹೊಳೆಯುತ್ತಲೇ ಇತ್ತು. ಗಂಜಿ, ರವೆ, ಅವಲಕ್ಕಿ ಪಾಯಸ ಎಲ್ಲದಕ್ಕೂ ಇದೇ ಗತಿ.

ಟೈಟಾನಿಯಂ ಮಗ್‌ಗಳು ಮುಖ್ಯವಾಗಿ ಬರೀ ನೀರು ಕಾಯಿಸುವವರಿಗಾಗಿ. ನೀರು ಕುದಿಸಿ, ಒಣ ಊಟದ ಪೊಟ್ಟಣಕ್ಕೆ ಸುರಿದು, ಉಳಿದ ನೀರಿಗೆ ಟೀ ಚೀಲ ಅದ್ದುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ನಾವು ಹಾಲು ಹಾಕಿ ಕುದಿಸುವ ಜನ, ಅಲ್ವಾ? ನಿಮ್ಮ ಹತ್ತಿರ ಈಗಾಗಲೇ ಟೈಟಾನಿಯಂ ಇದ್ದರೆ ಒಂದು ಉಪಾಯ ಇದೆ. ನೀರು ಮಾತ್ರ ಕುದಿಸಿ, ಸ್ಟವ್ ಆರಿಸಿ, ಆಮೇಲೆ ಹಾಲಿನ ಪುಡಿ ಕದಡಿ. ಮನೆಯಿಂದ ಸಣ್ಣ ಬಾಟಲಿಯಲ್ಲಿ ತಂದ ಗಟ್ಟಿ ಡಿಕಾಕ್ಷನ್ ಕೊನೆಗೆ ಹಾಕಿ. ಹಾಲೇ ಬೇಡ ಅನ್ನುವುದಾದರೆ ಕೊಡಗು, ಮಲೆನಾಡಿನ ಬೆಲ್ಲದ ಕಾಪಿ ಇದ್ದೇ ಇದೆ. ಚಳಿಯ ಬೆಳಗ್ಗೆಗೆ ಅದೇ ಹಿತ.

ಸ್ಟೀಲ್ ತಳ ಹಿಡಿಯುವುದಿಲ್ಲ ಅಂತ ನಾನು ಹೇಳುವುದಿಲ್ಲ. ಹಿಡಿಯುತ್ತದೆ. ಆದರೆ ತಗಡು ದಪ್ಪ ಇರುವುದರಿಂದ ಸ್ವಲ್ಪ ತಾಳಿಕೊಳ್ಳುತ್ತದೆ. ಉರಿ ಸಣ್ಣಗೆ ಮಾಡಿ, ಚಮಚ ಬಿಡದೆ ಆಡಿಸಿದರೆ ಒಳ್ಳೆಯ ಗಂಜಿ ಆಗುತ್ತದೆ. ಕೊಳ್ಳುವಾಗ ತಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಎಣ್ಣೆ ಡಬ್ಬದ ಹಾಗೆ ಒಳಗೆ ಹೊರಗೆ 'ಟಿಕ್ ಟಿಕ್' ಅಂದರೆ ಬಿಟ್ಟುಬಿಡಿ.

ಸ್ಟೀಲ್ ಯಾವುದು ಅಂತಲೂ ಕೇಳಬೇಕು. ಪಾತ್ರೆಯ ತಳದಲ್ಲಿ 304 ಅಥವಾ 18/8 ಅಂತ ಇದ್ದರೆ ಒಳ್ಳೆಯದು. ಅಂದರೆ ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ಅಗ್ಗದ ಪಾತ್ರೆಗಳಲ್ಲಿ ಬರುವ 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಉಪ್ಪು, ಹುಳಿ, ಹಸಿ ಚೀಲದಲ್ಲಿ ವಾರಗಟ್ಟಲೆ ಬಿದ್ದಿರುವುದು, ಇವನ್ನೆಲ್ಲ ಅದು 304ರಷ್ಟು ತಡೆಯುವುದಿಲ್ಲ. 'ಅಯಸ್ಕಾಂತ ಅಂಟದಿದ್ದರೆ ಒಳ್ಳೆ ಸ್ಟೀಲ್' ಅನ್ನುವ ಮಾತು ನೀವು ಕೇಳಿರುತ್ತೀರಿ. ಅದನ್ನು ನಂಬಿ ಮೋಸ ಹೋಗಬೇಡಿ. ಅಯಸ್ಕಾಂತ 304ಕ್ಕೂ ಅಂಟುವುದಿಲ್ಲ, 202ಕ್ಕೂ ಅಂಟುವುದಿಲ್ಲ. ಬಲವಾಗಿ ಅಂಟಿಕೊಂಡರೆ ನಿಕ್ಕಲ್ ಇಲ್ಲದ ಜಾತಿ ಅಂತ ಗೊತ್ತಾಗುತ್ತದೆ, ಅಷ್ಟೇ. ಅಂಚಿನಲ್ಲಿ, ಮಡಿಸಿದ ಕಡೆ ಮಾತ್ರ ಸ್ವಲ್ಪ ಎಳೆದರೆ ಗಾಬರಿ ಬೇಡ. ಬಗ್ಗಿಸಿದ ಜಾಗದಲ್ಲಿ 304 ಕೂಡ ಹಾಗೆ ಎಳೆಯುತ್ತದೆ.

ಎನಾಮೆಲ್ ಮಗ್ ಬಗ್ಗೆ ನನಗೂ ಪ್ರೀತಿ ಇದೆ. ಬಿಳಿ ಮೈ, ನೀಲಿ ಅಂಚು, ಕೈಯಲ್ಲಿ ಹಿಡಿದರೆ ಹಳೆಯ ದಿನಗಳು ನೆನಪಾಗುತ್ತವೆ. ಅದು ಕಬ್ಬಿಣ ಜಾತಿಯ ತಗಡಿನ ಮೇಲೆ ಗಾಜಿನ ಪುಡಿ ಬಳಿದು, 800 ಡಿಗ್ರಿ ಹತ್ತಿರದ ಬಿಸಿಯಲ್ಲಿ ಕರಗಿಸಿ ಅಂಟಿಸಿದ್ದು. ಹುಳಿಗೆ ಏನೂ ಆಗುವುದಿಲ್ಲ, ಒಲೆಗೂ ಇಡಬಹುದು. ಆದರೆ ಗಾಜು ಗಾಜೇ. ಚೀಲದಲ್ಲಿ ಸ್ಟವ್‌ಗೆ ತಾಗಿ, ಬಂಡೆಗೆ ಬಿದ್ದು ಚಕ್ಕೆ ಏಳುತ್ತದೆ. ಏಳಲಿ, ಹೊರಗಾದರೆ ತುಕ್ಕು ಹಿಡಿಯುತ್ತದೆ ಅಷ್ಟೇ. ಒಳಗೆ, ಅಥವಾ ಬಾಯಿ ತಾಗುವ ಅಂಚಿನಲ್ಲಿ ಎದ್ದರೆ ಆ ಮಗ್ ಮತ್ತೆ ಊಟಕ್ಕೆ ಬಳಸಬೇಡಿ. ಬರೀ ಖಾಲಿ ಮಗ್ ಬೆಂಕಿಯ ಮೇಲೆ ಇಟ್ಟು ಆಮೇಲೆ ತಣ್ಣೀರು ಸುರಿದರೂ ಬಿರುಕು ಬಿಡುತ್ತದೆ.

ಅಮ್ಮನ ಪ್ರಶ್ನೆಗೆ ಗೌರವದಿಂದಲೇ ಉತ್ತರಿಸಬೇಕು. ತಾಮ್ರ ಬಿಸಿ ಹರಡುವುದರಲ್ಲಿ ಇವೆಲ್ಲಕ್ಕಿಂತ ಮುಂದು. ಸೀಯುವ ಮಾತೇ ಕಡಿಮೆ. ಆದರೆ ಕಲಾಯಿ ಇಲ್ಲದ ತಾಮ್ರದಲ್ಲಿ ನಿಂಬೆ, ಹುಣಸೆ, ಮಜ್ಜಿಗೆ ಯಾವುದೂ ಹಾಕುವಂತಿಲ್ಲ. ತಾಮ್ರ ಕರಗಿ ಊಟಕ್ಕೆ ಸೇರುತ್ತದೆ, ಹೊಟ್ಟೆ ತೊಳಸುತ್ತದೆ, ವಾಂತಿ ಆಗುತ್ತದೆ. ಒಳಗೆ ಕಲಾಯಿ ಹಾಕಿಸಿದರೆ ಸರಿ, ಆದರೆ ಕಲಾಯಿಯ ತವರ 232 ಡಿಗ್ರಿಗೇ ಕರಗುತ್ತದೆ. ಗ್ಯಾಸ್ ಸ್ಟವ್ ಮೇಲೆ ನೀರು ಆರಿದ ಚೊಂಬು ಒಂದು ಗಳಿಗೆ ಮರೆತರೆ ಕಲಾಯಿ ಹೋಯಿತು. ಅಜ್ಜನ ಚೊಂಬು ಮನೆಯಲ್ಲಿ ನೀರು ತುಂಬಿಡಲು ಇರಲಿ. ಕಲ್ಲು ಮುಳ್ಳಿನ ನಡುವೆ ಅದನ್ನು ಕಳೆದುಕೊಂಡರೆ ಇನ್ನೊಂದು ಸಿಗುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಅಲ್ಯೂಮಿನಿಯಂ ಬಗ್ಗೆ ಎರಡು ಮಾತು. ಹಗುರ, ಅಗ್ಗ, ಬೇಗ ಕಾಯುತ್ತದೆ. ಬರೀ ಅಲ್ಯೂಮಿನಿಯಂ ಆದರೆ ಹುಳಿ ಸಾರು, ಟೊಮೆಟೊ ಬೇಡ. ಕಪ್ಪು ಬೂದು ಮೈಯ ಹಾರ್ಡ್ ಅನೋಡೈಸ್ಡ್, ಅಂದರೆ ಮೇಲ್ಮೈಯಲ್ಲಿ ಗಟ್ಟಿ ಆಕ್ಸೈಡ್ ಪದರ ಕಟ್ಟಿಸಿದ್ದಾದರೆ ಅಡುಗೆಗೆ ಚೆನ್ನ. ಕುಡಿಯಲು ಮಾತ್ರ ಕಷ್ಟ. ತಳದ ಬಿಸಿಯೆಲ್ಲ ಅಂಚಿಗೆ ಹತ್ತಿ ತುಟಿ ಸುಡುತ್ತದೆ.

ತುಟಿಯ ಮಾತು ಬಂತು, ಅಂಚನ್ನು ನೋಡುವುದು ಮರೆಯಬೇಡಿ. ನಮ್ಮ ಹೋಟೆಲಿನ ಕಾಫಿ ಲೋಟ ನೆನಪಿಸಿಕೊಳ್ಳಿ. ಹೊರಕ್ಕೆ ಮಡಚಿದ ಅಂಚಿದೆ ಅಲ್ವಾ? ಸುಡುವ ಲೋಟವನ್ನು ಎರಡು ಬೆರಳಲ್ಲಿ ಎತ್ತಲು ಆಗುವುದು ಅದರಿಂದಲೇ. ಅಮೆರಿಕದ ಸಿಯೆರಾ ಕ್ಲಬ್ ಎಂಬ ಪರ್ವತಪ್ರಿಯರ ಸಂಘದ ಹೆಸರಿನಲ್ಲಿ ಬಂದ ಸಿಯೆರಾ ಕಪ್ ಎಂಬ ಅಗಲ ಬಾಯಿಯ ಬಟ್ಟಲಿನಲ್ಲೂ ಅಂಚಿನೊಳಗೆ ತಂತಿ ಸುತ್ತಿ, ಅದೇ ತಂತಿಯನ್ನು ಹೊರಗೆಳೆದು ಹಿಡಿ ಮಾಡುತ್ತಾರೆ. ದುಂಡಗೆ ಮಡಚಿದ ಅಂಚು ತುಟಿಗೆ ಹಿತ, ತಗಡು ಸೊಟ್ಟ ಆಗದಂತೆಯೂ ಹಿಡಿದಿಡುತ್ತದೆ. ಕತ್ತರಿಸಿ ಹಾಗೇ ಬಿಟ್ಟ ಅಂಚಿನ ಮೇಲೆ ಬೆರಳು ಆಡಿಸಿ, ಚೂಪು ಅನ್ನಿಸಿದರೆ ಬೇಡ. ಅಂಗಡಿಯವರನ್ನು ಕೇಳಿ ಸ್ವಲ್ಪ ನೀರು ಹಾಕಿಸಿಕೊಂಡು ನಿಧಾನವಾಗಿ ಸುರಿದೂ ನೋಡಿ. ಕೆಲವು ಮಗ್‌ಗಳಲ್ಲಿ ನೀರು ಮೈಗುಂಟ ಇಳಿದು ಕೈ ಮೇಲೇ ಬರುತ್ತದೆ. ಕುದಿಯುವ ನೀರಿನ ಜೊತೆ ಅದನ್ನು ಕಲಿಯುವುದು ಬೇಡ.

ಹಿಡಿ ಮಡಚುವಂಥದ್ದಾದರೆ ಬಿಚ್ಚಿದಾಗ ಬಿಗಿಯಾಗಿ ನಿಲ್ಲಬೇಕು. ತುಂಬಿದ ಮಗ್ ಎತ್ತಿದಾಗ ಅಲ್ಲಾಡಬಾರದು. ಹಿಡಿಗೆ ರಬ್ಬರಿನಂಥ ಸಿಲಿಕೋನ್ ಕವಚ ಇದ್ದರೆ ಮಡಚಿಟ್ಟು ಒಲೆಗೆ ಇಡಬೇಡಿ, ಉರಿ ನೆಕ್ಕಿ ಅದು ಕರಟಿ ಹೋಗುತ್ತದೆ. ನಾನಂತೂ ಮನೆಯ ಸಣ್ಣ ಇಕ್ಕಳ ಒಂದನ್ನು ಯಾವಾಗಲೂ ಒಯ್ಯುತ್ತೇನೆ. ಇಕ್ಕಳ ಇದ್ದರೆ ಹಿಡಿಯೇ ಬೇಕಿಲ್ಲ. ಪಾತ್ರೆ ಅಂಗಡಿಯಲ್ಲಿ ತೂಕಕ್ಕೆ ಕೊಡುವ, ಮುಚ್ಚಳ ಸರಿಯಾಗಿ ಕೂರುವ ದಪ್ಪನೆಯ ಸ್ಟೀಲ್ ಡಬರಿಯೂ ಆಗುತ್ತದೆ. ದುಡ್ಡು ಕಡಿಮೆ ಇರುವ ಕಾಲೇಜು ಹುಡುಗರಿಗೆ ನಾನು ಅದನ್ನೇ ಹೇಳುವುದು.

ಮುಚ್ಚಳ ಇಲ್ಲದ ಮಗ್ ಮಾತ್ರ ತರಬೇಡಿ. ಅರ್ಧ ಲೀಟರ್ ನೀರು ಕುದಿಸಲು ಸುಮಾರು 7 ರಿಂದ 10 ಗ್ರಾಂ ಗ್ಯಾಸ್ ಬೇಕು. ಗಾಳಿಗೆ ತೆರೆದಿಟ್ಟರೆ ಇನ್ನೂ ಜಾಸ್ತಿ. ಗಾಳಿ ಬೀಸುತ್ತದೆ ಅಂತ ಸ್ಟವ್ ಸುತ್ತ ತಗಡು ಕಟ್ಟಿ ಪೂರ್ತಿ ಮುಚ್ಚುವವರನ್ನು ನೋಡಿದ್ದೇನೆ. ಕ್ಯಾನಿಸ್ಟರ್ ಕೆಳಗೇ ಇರುವ ಸ್ಟವ್‌ಗೆ ಹಾಗೆ ಮಾಡಲೇಬೇಡಿ, ಕ್ಯಾನಿಸ್ಟರ್ ಕಾದು ಸಿಡಿಯಬಹುದು. ಗಾಳಿ ಬರುವ ಕಡೆಗೆ ಮಾತ್ರ ಬ್ಯಾಗೋ ಕಲ್ಲೋ ಅಡ್ಡ ಇಡಿ, ಅದೂ ಒಂದು ಮೊಳ ದೂರದಲ್ಲಿ.

ತೋಟದಲ್ಲಿ ಸೌದೆ ಒಲೆಗೂ ಇಡುವುದಾದರೆ ನಮ್ಮ ಹಳ್ಳಿಯ ಹಂಡೆಯ ಪಾಠ ಉಪಯೋಗಕ್ಕೆ ಬರುತ್ತದೆ. ಮಗ್‌ನ ಹೊರಮೈಗೆ ಒದ್ದೆ ಮಣ್ಣೋ ಬೂದಿಯೋ ತೆಳ್ಳಗೆ ಬಳಿದು ಇಡಿ. ಮಸಿ ಅದರ ಮೇಲೆ ಕೂರುತ್ತದೆ, ತೊಳೆದರೆ ಮಣ್ಣಿನ ಜೊತೆಗೇ ಹೋಗುತ್ತದೆ. ತಳ ಸೀದಿದ್ದರೆ ನೀರಿಗೆ ಒಂದು ಚಿಟಿಕೆ ಅಡಿಗೆ ಸೋಡಾ ಹಾಕಿ ಐದು ನಿಮಿಷ ಕುದಿಸಿ ತೆಂಗಿನ ನಾರಿನಿಂದ ಉಜ್ಜಿ. ಅಲ್ಯೂಮಿನಿಯಂಗೆ ಮಾತ್ರ ಸೋಡಾ ಬೇಡ, ಕಪ್ಪಾಗುತ್ತದೆ. ಕಾದು ಕಾದು ಸ್ಟೀಲ್ ಹೊಂಬಣ್ಣಕ್ಕೆ, ಟೈಟಾನಿಯಂ ನೀಲಿ ನೇರಳೆಗೆ ತಿರುಗಿದರೆ ಅದು ಕೊಳೆಯಲ್ಲ. ಮೇಲ್ಮೈಯಲ್ಲಿ ಕೂತ ಆಕ್ಸೈಡಿನ ತೆಳು ಪದರ, ಏನೂ ತೊಂದರೆ ಇಲ್ಲ. ಪಾತ್ರೆ ತೊಳೆಯುವುದು ಹಳ್ಳದಿಂದ ಅರವತ್ತು ಹೆಜ್ಜೆಯಾದರೂ ದೂರದಲ್ಲಿ ಆಗಲಿ. ಕೆಳಗೆ ಅದೇ ನೀರು ಕುಡಿಯುವವರಿದ್ದಾರೆ.

ತೋಟ ನಿಮ್ಮವರದ್ದು, ಒಲೆ ಹೂಡಬಹುದು. ಕುಮಾರ ಪರ್ವತ, ಕುದುರೆಮುಖದ ಕಡೆ ಹೋದಾಗ ಬೆಂಕಿಯ ಯೋಚನೆಯೇ ಬೇಡ. ಅವು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಜಾಗ. ಬೇಸಿಗೆಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು.

ಮೇ ತಿಂಗಳ ಹಿಮಾಲಯಕ್ಕೆ ಬರೋಣ. ಎತ್ತರ ಮುನ್ನೂರು ಮೀಟರ್ ಏರಿದಂತೆ ನೀರು ಸುಮಾರು ಒಂದು ಡಿಗ್ರಿ ಕಡಿಮೆಗೇ ಕುದಿಯುತ್ತದೆ. 3,600 ಮೀಟರಿನಲ್ಲಿ 88 ಡಿಗ್ರಿಗೇ ಕುದಿ ಬಂದುಬಿಡುತ್ತದೆ. ನೀರು ಕುಣಿಯುತ್ತಿರುತ್ತದೆ, ಆದರೆ ಅಕ್ಕಿ ಬೇಯಲು ಹೊತ್ತು ಹಿಡಿಯುತ್ತದೆ. ಗಂಜಿಗೆ ಅಕ್ಕಿಯ ಬದಲು ರವೆಯೋ ಹುರಿದ ರಾಗಿ ಹಿಟ್ಟೋ ಒಯ್ಯಿರಿ. ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ಕೈಚೀಲದಲ್ಲೂ ಬಿಡುವುದಿಲ್ಲ, ದೊಡ್ಡ ಬ್ಯಾಗಿನಲ್ಲೂ ಬಿಡುವುದಿಲ್ಲ. ಅಲ್ಲೇ ಕೊಳ್ಳಬೇಕು. ಅಡುಗೆಯವರು ಜೊತೆ ಬರುವ ತಂಡದಲ್ಲಿ ಹೋಗುವುದಾದರೆ ಸ್ಟವ್ವೇ ಬೇಡ, ಸಾಲಿನಲ್ಲಿ ನಿಂತು ಚಹಾ ಹಾಕಿಸಿಕೊಳ್ಳಲು ಒಂದು ಮಗ್ ಸಾಕು. ಅಲ್ಲಿ ಮಾತ್ರ ನೀವು ನೋಡಿದ 350 ಮಿಲಿಯ ಡಬಲ್ ವಾಲ್ ಉಪಯೋಗಕ್ಕೆ ಬರುತ್ತದೆ. ಸಂಜೆ ಐದರ ಚಳಿಗಾಳಿಯಲ್ಲಿ ಒಂದೇ ಪದರದ ಮಗ್‌ನ ಸೂಪು ಕುಡಿದು ಮುಗಿಸುವಷ್ಟರಲ್ಲೇ ತಣ್ಣಗಾಗಿರುತ್ತದೆ. ಆದರೆ ಅದಕ್ಕೆಂದೇ ಇನ್ನೊಂದು ಕೊಳ್ಳಬೇಕಿಲ್ಲ. ಹಳೆಯ ಉಣ್ಣೆ ಕಾಲುಚೀಲದ ತುದಿ ಕತ್ತರಿಸಿ ಮಗ್‌ಗೆ ತೊಡಿಸಿ, ಮುಚ್ಚಳ ಹಾಕಿ ಹಿಡಿದುಕೊಳ್ಳಿ. ಒಲೆಗೆ ಇಡುವ ಮೊದಲು ಕಾಲುಚೀಲ ತೆಗೆಯಬೇಕು, ಅಷ್ಟೇ.

ಕೊಳ್ಳುವ ದಿನ ನಿಮ್ಮ ನೀರಿನ ಬಾಟಲಿ, ಸ್ಟವ್ ಎರಡನ್ನೂ ಜೊತೆಗೆ ಒಯ್ಯಿರಿ. ಅಮೆರಿಕದ ಸೈನಿಕರಿಗೆ 1910ರ ಮಾದರಿಯಲ್ಲಿ ಕೊಟ್ಟ ನೀರಿನ ಬಾಟಲಿಯ ತಳಕ್ಕೆ ಮಗ್ ಸರಿಯಾಗಿ ಹೊಂದಿಕೊಂಡು ಕೂರುತ್ತಿತ್ತು. ಬೇರೆ ಜಾಗವೇ ಬೇಕಿರಲಿಲ್ಲ. ಒಂದು ಲೀಟರಿನ ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿಗಳು ಸಾಮಾನ್ಯವಾಗಿ ಒಂಬತ್ತು ಸೆಂಟಿಮೀಟರ್ ದಪ್ಪ. ಹತ್ತು ಸೆಂಟಿಮೀಟರಿನ ಮಗ್ ಅದರ ಬುಡಕ್ಕೆ ಟೊಪ್ಪಿಯ ಹಾಗೆ ಕೂರುತ್ತದೆ. ಬಾಟಲಿ ಹೊಂದದಿದ್ದರೆ ಸ್ಟವ್, ಲೈಟರ್, ಕಾಫಿಪುಡಿ ಪೊಟ್ಟಣ ಮಗ್‌ನೊಳಗೇ ಇಡಿ. ಗಲಗಲ ಸದ್ದು ಬಾರದಂತೆ ಒಂದು ಹತ್ತಿಬಟ್ಟೆ ತುರುಕಿ. ಬಿಸಿ ಮುಚ್ಚಳ ತೆಗೆಯಲು, ಕಾಫಿ ಸೋಸಲು, ಕೊನೆಗೆ ಮಗ್ ಒರೆಸಲು ಆ ಬಟ್ಟೆಯೇ ಆಗುತ್ತದೆ.